ಕುರುಗೋಡಿನ ನೀರು ಕುಡಿಯದ ರೆಫರಿ

1951ರ ಸಂಕ್ರಾಂತಿ ಕಳೆದ ಮೊದಲ ಭಾನುವಾರ ಬಳ್ಳಾರಿ ಚೆಡುಗುಡು ಲೀಗಿನ ಐವರು ರೆಫರಿಗಳು ತಮ್ಮ ಸೀಟಿಗಳನ್ನು ಕಮಿಟಿಯ ಮೇಜಿನ ಮೇಲಿಟ್ಟು ಹೊರಗೆ ನಡೆದರು. ಅಂದು ಮಧ್ಯಾಹ್ನ ಆಗಬೇಕಿದ್ದ ಪಂದ್ಯ ಆಗಲಿಲ್ಲ.

ನಾನು ಆಗ ಒಂದು ದಿನಪತ್ರಿಕೆಗೆ ಬಳ್ಳಾರಿಯಿಂದ ಸುದ್ದಿ ಕಳಿಸುತ್ತಿದ್ದೆ. ಈ ವಿಷಯವನ್ನು ನಾಲ್ಕು ಸಾಲಿನಲ್ಲಿ ಬರೆದು ಕಳಿಸಿದೆ. ಐವರಲ್ಲಿ ಮೊದಲು ಸೀಟಿ ಇಟ್ಟವರು ನನ್ನ ಸೋದರಮಾವ ಎಂಬುದು ಆ ನಾಲ್ಕು ಸಾಲಿನಲ್ಲಿ ಇರಲಿಲ್ಲ. ಓದುಗರಿಗೆ ಅದರ ಅಗತ್ಯ ಇರಲಿಲ್ಲ. ಈಗ ಬರೆಯಬಹುದು.

ಇಂದು ಎಲ್ಲರೂ ಕಬಡ್ಡಿ ಎನ್ನುವ ಆಟಕ್ಕೆ ನಮ್ಮ ಕಡೆ ಆಗ ಚೆಡುಗುಡು ಎಂದೇ ಹೆಸರು. ಎದುರು ಅಂಕಣಕ್ಕೆ ನುಗ್ಗುವ ಆಟಗಾರ ಒಂದೇ ಉಸಿರಿನಲ್ಲಿ ‘ಚೆಡುಗುಡು ಚೆಡುಗುಡು’ ಎನ್ನುತ್ತ ಹೋಗಿ, ಯಾರನ್ನಾದರೂ ಮುಟ್ಟಿ, ಉಸಿರು ಬಿಡದೆ ನಡುಗೆರೆ ದಾಟಿ ವಾಪಸು ಬರಬೇಕು. ಉಸಿರು ಹರಿದರೆ ಔಟು. ಹರಿಯಿತೋ ಇಲ್ಲವೋ ಎಂದು ಹೇಳುವವನು ರೆಫರಿ. ಹೀಗಾಗಿ ರೆಫರಿ ಎಂದರೆ ಆಟಗಾರನ ಬಾಯಿಯ ಪಕ್ಕಕ್ಕೆ ಕಿವಿ ಕೊಟ್ಟು ಅವನ ಜೊತೆಗೇ ಓಡುವ ಮನುಷ್ಯ. ಸುತ್ತ ನಿಂತ ಇಡೀ ಊರು ತನ್ನ ಕಣ್ಣಿಂದ ಆಟ ನೋಡುತ್ತದೆ. ಉಸಿರು ಮಾತ್ರ ಒಬ್ಬನಿಗೇ ಕೇಳುತ್ತದೆ. ಜಗಳ ಹುಟ್ಟಲು ಇದಕ್ಕಿಂತ ಒಳ್ಳೆಯ ಏರ್ಪಾಡು ಇಲ್ಲ.

ಲೀಗು ಯುದ್ಧ ಮುಗಿದ ವರ್ಷ ಶುರುವಾಗಿತ್ತು. ಬಳ್ಳಾರಿಯ ಪೇಟೆಗಳ ತಂಡಗಳು, ಸಿರುಗುಪ್ಪ, ಕುರುಗೋಡು, ಇನ್ನೂ ಕೆಲವು ಊರಿನ ತಂಡಗಳು ಅದರಲ್ಲಿದ್ದವು. ಹತ್ತಿ, ಜೋಳ ಮನೆ ಸೇರಿದ ಮೇಲೆ ಆಟ ಶುರು, ಬಿಸಿಲು ಕಾಲಿಡಲು ಬಿಡದಷ್ಟು ಆದಾಗ ಮುಕ್ತಾಯ. ಎರೆಮಣ್ಣಿನ ನೆಲ ಒಣಗಿದರೆ ಬಿರುಕು, ನೆನೆದರೆ ಅಂಟು. ಆದ್ದರಿಂದ ಪ್ರತಿ ಊರೂ ಗಾಡಿಯಲ್ಲಿ ಮರಳು ತಂದು ಹಾಸಿ ಅಂಕಣ ಮಾಡುತ್ತಿತ್ತು. ಸಿರುಗುಪ್ಪದವರದು ಹೊಳೆಯ ಮರಳು, ಅದರ ಬಗ್ಗೆ ಅವರಿಗೆ ತುಸು ಜಂಬ. ಕಮಿಟಿಯ ಅಧ್ಯಕ್ಷರು ಹತ್ತಿ ಜಿನ್ನಿಂಗ್ ಮಿಲ್ಲಿನ ಮಾಲೀಕರು. ಕಮಿಟಿ ಸೇರುತ್ತಿದ್ದುದು ಮಿಲ್ಲಿನ ಆಫೀಸಿನಲ್ಲೇ. ಮೇಜಿನ ಮೇಲೆ ಇಟ್ಟ ಸೀಟಿಗಳಿಗೆ ಸಂಜೆಯ ಹೊತ್ತಿಗೆ ಹತ್ತಿಯ ಎಳೆ ಮೆತ್ತಿಕೊಂಡಿತ್ತು ಎಂದು ಅಲ್ಲಿಯ ಜವಾನ ಆಮೇಲೆ ಹೇಳಿದ.

ಮಾವ ಟೇಲರ್. ಸತ್ಯನಾರಾಯಣಪೇಟೆಯಲ್ಲಿ ಮನೆ, ಮನೆಯ ಮುಂಭಾಗದಲ್ಲೇ ಅಂಗಡಿ. ನಮ್ಮ ಮನೆ ಬಾದನಹಟ್ಟಿ ಹಳ್ಳಿಯಲ್ಲಿ ಇದ್ದುದರಿಂದ ಬಳ್ಳಾರಿಯಲ್ಲಿ ನನ್ನ ಊಟ, ನಿದ್ದೆ ಎರಡೂ ಮಾವನ ಮನೆಯಲ್ಲೇ. ವಾರವೆಲ್ಲ ಮೆಷಿನಿನ ಮೇಲೆ ಬಗ್ಗಿ ಕೂತವರು ಭಾನುವಾರ ಖಾಕಿ ಚಡ್ಡಿ ಹಾಕಿ, ಬಿಳಿ ಅಂಗಿಯ ಮೇಲೆ ಸೀಟಿ ತೂಗುಬಿಟ್ಟು ಹೊರಟರೆಂದರೆ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ತಪ್ಪು ತೀರ್ಪು ಅವರೂ ಕೊಟ್ಟಿದ್ದಾರೆ. ಕೊಟ್ಟ ಮೇಲೆ ಬದಲಿಸಿದ್ದು ನಾನು ನೋಡಿಲ್ಲ.

ಲೀಗಿನ ರೆಫರಿಗಳಿಗೆ ಒಂದು ಪದ್ಧತಿ ಇತ್ತು. ಅದನ್ನು ಯಾರೂ ಎಲ್ಲಿಯೂ ಬರೆದಿರಲಿಲ್ಲ. ಆಟ ನಡೆಯುವ ಊರಿನಲ್ಲಿ ಪಂದ್ಯ ಮುಗಿಯುವವರೆಗೆ ಆ ಊರಿನ ಹನಿ ನೀರು ಕುಡಿಯಬಾರದು, ತುತ್ತು ಅನ್ನ ತಿನ್ನಬಾರದು. ಹಿಂದೊಮ್ಮೆ ಒಬ್ಬ ರೆಫರಿ ಸಿರುಗುಪ್ಪದಲ್ಲಿ ಪಂದ್ಯಕ್ಕೆ ಮುಂಚೆ ಒಂದು ಲೋಟ ಮಜ್ಜಿಗೆ ಕುಡಿದಿದ್ದ. ಸಿರುಗುಪ್ಪ ಗೆದ್ದಿತು. ಆ ಗೆಲುವಿಗೆ ‘ಮಜ್ಜಿಗಿ ಮ್ಯಾಚು’ ಎಂಬ ಹೆಸರು ಉಳಿಯಿತು, ಆ ರೆಫರಿ ಲೀಗಿನಲ್ಲಿ ಉಳಿಯಲಿಲ್ಲ. ಅಂದಿನಿಂದ ಐವರೂ ಬಳ್ಳಾರಿಯಿಂದಲೇ ಮಣ್ಣಿನ ಹೂಜಿಯಲ್ಲಿ ನೀರು, ಬಟ್ಟೆಯಲ್ಲಿ ರೊಟ್ಟಿ ಕಟ್ಟಿಕೊಂಡು ಹೋಗುತ್ತಿದ್ದರು. ಬಸ್ಸಿನಲ್ಲಿ ತೊಡೆಯ ಮೇಲೆ ಹೂಜಿ ಇಟ್ಟುಕೊಂಡು ಕೂತವನನ್ನು ಕಂಡರೆ ಇಂದು ಎಲ್ಲೋ ಆಟ ಇದೆ ಎಂದು ಜನಕ್ಕೆ ತಿಳಿಯುತ್ತಿತ್ತು.

ಮಾವನ ಒಬ್ಬಳೇ ಮಗಳನ್ನು ಹಿಂದಿನ ವರ್ಷ ಕುರುಗೋಡಿಗೆ ಕೊಟ್ಟಿದ್ದರು. ಅಳಿಯ ಆ ಊರಿನ ತಂಡದ ಮುಂದಾಳು ಆಟಗಾರ. ಅಳಿಯನ ತಂದೆ, ಅಂದರೆ ಬೀಗರು, ಆ ತಂಡದ ಹಿರಿಯರು; ಹತ್ತಿ, ಮೆಣಸಿನಕಾಯಿ ಬೆಳೆಯುವ ಹೊಲ ಅವರದು. ಮದುವೆಯ ಮರುವರ್ಷದ ಲೀಗು ಶುರುವಾಗುವ ಮೊದಲೇ ಬೀಗರು ಮಿಲ್ಲಿಗೆ ಬಂದು ಅಧ್ಯಕ್ಷರ ಮುಂದೆ ಒಂದು ತಕರಾರು ಇಟ್ಟರು: ನಮ್ಮ ಪಂದ್ಯಕ್ಕೆ ಈ ರೆಫರಿ ಬೇಡ.

ಸಿರುಗುಪ್ಪದವರು ಹೀಗೆ ಕೇಳಿದ್ದರೆ ಅರ್ಥ ಇತ್ತು, ನೀವೇಕೆ ಕೇಳುತ್ತೀರಿ, ಅವರು ನಿಮ್ಮ ಬೀಗರಲ್ಲವೇ ಎಂದರಂತೆ ಅಧ್ಯಕ್ಷರು.

“ಅದಕ್ಕs ಬ್ಯಾಡ ಅಂತೀನ್ರಿ,” ಎಂದರಂತೆ ಬೀಗರು. “ಮಗಳನ್ನ ಕೊಟ್ಟಾಗಿಂದ ಮಂದಿ ಏನಂತಾರೋ ಅಂತ ನಮ್ಮ ಮ್ಯಾಲ ಇನ್ನೂ ಬಿರುಸು ಆಗ್ಯಾರ. ನಮ್ಮ ಹುಡುಗ ಉಸಿರು ಎಳಕೊಂಡ್ರೂ ಸೀಟಿ, ಬಿಟ್ರೂ ಸೀಟಿ. ಸೊಸಿ ತಂದು ನಾವು ಪಾಯಿಂಟ್ ಕಳಕೊಂಡಂಗಾತು.”

ನಾನು ಆಮೇಲೆ ನನ್ನ ಹಳೆಯ ವರದಿಗಳನ್ನು ತೆಗೆದು ನೋಡಿದೆ. ಮಾವ ನಿಂತ ಪಂದ್ಯಗಳಲ್ಲಿ ಕುರುಗೋಡು ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಅದಕ್ಕೆ ಮಾವ ಕಾರಣವೇ, ಕುರುಗೋಡಿನ ಆಟ ಕಾರಣವೇ ಎಂಬುದು ವರದಿಗಳಿಂದ ತಿಳಿಯುವುದಿಲ್ಲ.

ಅಧ್ಯಕ್ಷರಿಗೆ ತಕರಾರು ಬಗೆಹರಿಸುವುದಕ್ಕಿಂತ ಒಪ್ಪಿಕೊಳ್ಳುವುದು ಸುಲಭ ಎನಿಸಿರಬೇಕು. ಕುರುಗೋಡಿನ ಪಂದ್ಯಗಳಿಂದ ಮಾವನನ್ನು ಕೈಬಿಟ್ಟು ಜವಾನನ ಕೈಯಲ್ಲಿ ಹೇಳಿ ಕಳಿಸಿದರು. ಉಳಿದ ನಾಲ್ವರಲ್ಲಿ ಒಬ್ಬ ಪೋಸ್ಟ್‌ಮನ್. ಎತ್ತರದ, ಮಾತು ಕಡಿಮೆ ಇರುವ ಮನುಷ್ಯ. ಸುದ್ದಿ ಕೇಳಿ ಅವನು ಬೀದಿಯಿಂದಲೇ ಅಂಗಡಿಯೊಳಗೆ ಬಗ್ಗಿ, “ಇವತ್ತು ನಿಮ್ಮನ್ನ ಬ್ಯಾಡ ಅಂದ್ರು. ನಾಳೆ ನಾ ಯಾವ ಓಣಿಗೆ ಪತ್ರ ಕೊಡಬೇಕು ಅಂತಾನೂ ತಂಡದವ್ರು ಹೇಳ್ತಾರ. ಸೀಟಿ ಇಟ್ಟುಬಿಡೋನ್ರಿ,” ಎಂದ. ಅವನು ಅಷ್ಟು ಉದ್ದ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಬೇಡಿಕೆ ಒಂದೇ. ಯಾವ ಪಂದ್ಯಕ್ಕೆ ಯಾರು ನಿಲ್ಲಬೇಕು ಎಂಬುದನ್ನು ರೆಫರಿಗಳೇ ಕೂತು ಗೊತ್ತುಮಾಡುತ್ತಾರೆ; ಇವರು ಬೇಡ, ಅವರು ಬೇಕು ಎಂದು ತಂಡದವರು ಮುಂಚಿತವಾಗಿ ಹೇಳಕೂಡದು. ಅಧ್ಯಕ್ಷರು, ಸೀಟಿ ಊದುವವರು ಕಮಿಟಿಗೆ ಷರತ್ತು ಹಾಕುವುದು ಎಲ್ಲಿಯೂ ಇಲ್ಲ ಎಂದರು. ಮೇಜಿನ ಮೇಲಿದ್ದ ಸೀಟಿಗಳು ಡ್ರಾಯರಿನೊಳಗೆ ಹೋದವು.

ಇಷ್ಟೇ ಆಗಿದ್ದರೆ ಅದು ಭಾನುವಾರದ ವಿಷಯವಾಗಿ ಉಳಿಯುತ್ತಿತ್ತು. ಆದರೆ ಮಾವನ ಮಗಳಿಗೆ ಆಗ ನಾಲ್ಕು ತಿಂಗಳು ತುಂಬಿತ್ತು. ಚೊಚ್ಚಲು. ಐದರಲ್ಲಿ ತವರಿನವರು ಹೋಗಿ ಕುಬುಸ ಮಾಡಬೇಕು. ಹಸಿರು ಸೀರೆ ಉಡಿಸಿ, ಹಸಿರು ಕುಬುಸ, ಅಂದರೆ ರವಿಕೆ, ತೊಡಿಸಿ, ಉಡಿ ತುಂಬಿ, ಸಿಹಿ ಊಟ ಮಾಡಿಸಿ, ಆಮೇಲೆ ಬಾಣಂತನಕ್ಕೆ ಕರೆದುಕೊಂಡು ಬರಬೇಕು. ತಂದೆ ಇದ್ದೂ ತಂದೆ ಹೋಗದೆ ಕರೆದು ತರುವ ರೂಢಿ ನಮ್ಮ ಮನೆತನದಲ್ಲಿ ಇರಲಿಲ್ಲ. ಬಟ್ಟೆಗೆ ಕಂಟ್ರೋಲ್ ಇದ್ದು, ಅಳೆದು ಕೊಡುತ್ತಿದ್ದ ಕಾಲ. ಹಸಿರು ರವಿಕೆ ಕಣವನ್ನು ಮಾವ ದೀಪಾವಳಿಯಿಂದಲೇ ಎತ್ತಿಟ್ಟು, ಕುಬುಸ ಹೊಲಿದು, ಅಂಗಡಿಯ ಗೂಟಕ್ಕೆ ತೂಗುಹಾಕಿದ್ದರು.

ಅತ್ತೆ ದಿನ ನೋಡಿಸಿಕೊಂಡು ಬಂದಾಗ ಮಾವ ಮೆಷಿನಿನ ಚಕ್ರಕ್ಕೆ ಎಣ್ಣೆ ಬಿಡುತ್ತಿದ್ದರು.

“ನಾ ಕುರುಗೋಡಿಗೆ ಬರಂಗಿಲ್ಲ,” ಎಂದರು.

“ಯಾಕ್ರಿ?”

“ತಮ್ಮ ಊರಾಗ ನಿಂದ್ರಾಕ ನಾ ಯೋಗ್ಯ ಅಲ್ಲ ಅಂದ ಮನಿಗೆ ಬೀಗ ಅಂತ ಹೆಂಗ ಹೋಗಿ ಕುಂದರ್ಲಿ? ಅವರು ಅಂಕಣಕ್ಕ ಕರದ ದಿನ ಮನಿಗೂ ಹೋಗ್ತೀನಿ.”

ಅತ್ತೆ ಅಲ್ಲೇ ಪೇಪರು ಓದುತ್ತಿದ್ದ ನನ್ನ ಕಡೆ ತಿರುಗಿದರು. “ನಿಮ್ಮ ಮಾವಗ ಕೇಳಪಾ, ಸೀಟಿ ಊದೋದು ನಿಂತ್ರ ಹೊಟ್ಯಾಗಿನ ಕೂಸು ನಿಂತು ಕಾಯ್ತೈತೇನು ಅಂತ.”

ಅಂದಿನಿಂದ ಅತ್ತೆ ಮಾವನ ಜೊತೆ ನೇರವಾಗಿ ಮಾತಾಡುವುದನ್ನು ಬಿಟ್ಟರು. ಮಾವ ಎದುರಿಗೇ ಕೂತಿದ್ದರೂ, “ನಿಮ್ಮ ಮಾವಗ ಹೇಳು, ರೊಟ್ಟಿ ಆರಾಕತ್ತಾವ,” ಎನ್ನುವರು. ಮಾವ, “ನಿಮ್ಮ ಅತ್ತಿಗೆ ಹೇಳು, ಕೇಳಿಸೇತಿ,” ಎನ್ನುವರು. ನಾನು ಮನೆಯಲ್ಲಿ ಇಲ್ಲದಾಗ ಈ ಮಾತುಗಳು ಗೋಡೆಯ ಮೇಲಿನ ಗಡಿಯಾರದ ಮೂಲಕ ನಡೆಯುತ್ತಿದ್ದವು ಎಂದು ಪಕ್ಕದ ಮನೆಯವರು ಹೇಳುತ್ತಿದ್ದರು. ಜಗಳವಾಡಿದ್ದನ್ನು ಯಾರೂ ಕೇಳಲಿಲ್ಲ. ಮಾವನ ರೊಟ್ಟಿಗೆ ಬೆಣ್ಣೆ ತಪ್ಪಲಿಲ್ಲ.

ಐದನೆಯ ತಿಂಗಳು ಹೋಯಿತು. ಕುಬುಸವನ್ನು ಬೆಸ ತಿಂಗಳಲ್ಲೇ ಮಾಡಬೇಕು. ಇನ್ನು ಏಳು. ಕುರುಗೋಡಿನ ಬಸ್ಸಿನ ಕಂಡಕ್ಟರ್ ಮಗಳ ಮಾತು ಹೊತ್ತು ತಂದು ಅಂಗಡಿಯ ಮುಂದೆ ಇಳಿಸಿ ಹೋಗುತ್ತಿದ್ದ. “ಅಪ್ಪಗ ಹೇಳ್ರಿ, ನಾ ಅರಾಮ ಅದೀನಿ. ಅತ್ತಿಯವ್ರು ಮಾವನವ್ರು ಚೊಲೋ ನೋಡಿಕೊಳ್ತಾರ. ಮನಿ ಮಾತ್ರ ನೆನಪಾಗ್ತೈತಿ.” ಇದಕ್ಕೆ ಮಾವ ಉತ್ತರ ಕಳಿಸಿದ್ದು ನನಗೆ ಗೊತ್ತಿಲ್ಲ. ಕಂಡಕ್ಟರ್ ಹೋದ ಮೇಲೆ ಗೂಟದಿಂದ ಕುಬುಸ ಇಳಿಸಿ, ಪಕ್ಕೆಯ ಹೊಲಿಗೆ ಬಿಚ್ಚಿ, ಒಳಗೆ ಬಿಟ್ಟಿದ್ದ ಬಟ್ಟೆಯಲ್ಲಿ ಸ್ವಲ್ಪ ಹೊರಗೆ ತೆಗೆದು ಮತ್ತೆ ಹೊಲಿಯುತ್ತಿದ್ದರು. ಮಗಳನ್ನು ನೋಡದೆ, ಅಳತೆ ಇಲ್ಲದೆ, ಅಂದಾಜಿನ ಮೇಲೆ. ಒಮ್ಮೆ ಅಲ್ಲ, ಹಲವು ಸಲ.

ಈ ನಡುವೆ ಕಮಿಟಿಗೆ ಆಟ ನಿಂತರೆ ಮರ್ಯಾದೆ ಹೋಗುತ್ತದೆ ಎನಿಸಿ, ಸಿರುಗುಪ್ಪದಲ್ಲಿ ಸಿರುಗುಪ್ಪ, ಕುರುಗೋಡು ತಂಡಗಳ ಪಂದ್ಯಕ್ಕೆ ದಿನ ಇಟ್ಟು, ಆ ಭಾಗದ ರೆವಿನ್ಯೂ ಇನ್‌ಸ್ಪೆಕ್ಟರನ್ನು ರೆಫರಿಯಾಗಲು ಒಪ್ಪಿಸಿತು. ಗಂಭೀರ, ಸಜ್ಜನ ವ್ಯಕ್ತಿ. ಕಾಲೇಜಿನಲ್ಲಿ ಟೆನಿಸ್ ಆಡಿದ್ದರಂತೆ. ಆ ವರ್ಷ ಜನಗಣತಿ ಮುಗಿದಿತ್ತು, ಧಾನ್ಯದ ಲೆವಿ ನಡೆಯುತ್ತಿತ್ತು. ಯಾರ ಮನೆಯಿಂದ ಎಷ್ಟು ನೆಲ್ಲು ಸರ್ಕಾರಕ್ಕೆ ಹೋಗಬೇಕು ಎಂಬುದಕ್ಕೆ ಅವರ ಸಹಿ ಬೇಕು. ಅಂಕಣದಲ್ಲಿ ಇದ್ದ ಎರಡೂ ತಂಡಗಳ ಹುಡುಗರೆಲ್ಲ ರೈತರ ಮಕ್ಕಳು. ಕಮಿಟಿಗೆ ಇದು ಹೊಳೆದಿರಲಿಲ್ಲ.

ನಾನು ವರದಿಗೆಂದು ಹೋಗಿದ್ದೆ. ಮೊದಲ ಸರದಿಯಲ್ಲೇ ಸಿರುಗುಪ್ಪದ ಹುಡುಗನೊಬ್ಬ ಕುರುಗೋಡಿನ ಅಂಕಣದ ನಟ್ಟನಡುವೆ ಗಟ್ಟಿಯಾಗಿ ಕೆಮ್ಮಿ ನಿಂತುಬಿಟ್ಟ. ಉಸಿರು ಹರಿದದ್ದು ಹೊಳೆಯ ಆಚೆಗೂ ಕೇಳಿಸಿರಬೇಕು. ಸಾಹೇಬರು ಸೀಟಿ ಊದದೆ ಹತ್ತಿರ ಹೋದರು.

“ಏನಪಾ, ಉಸಿರು ಬಿಟ್ಟೇನು?”

“ತಾವು ಹೆಂಗಂದ್ರ ಹಂಗ್ರಿ, ಸಾಹೇಬ್ರ.”

ಸಾಹೇಬರು ಕುರುಗೋಡಿನ ಕಡೆ ನೋಡಿದರು. “ನೀವೇನಂತೀರಿ?”

ಮಾವನ ಅಳಿಯ ಕೈ ಕಟ್ಟಿಕೊಂಡು, “ತಾವು ಬಿಟ್ಟಾನ ಅಂದ್ರ ಬಿಟ್ಟಾನ್ರಿ. ಇಲ್ಲ ಅಂದ್ರ ಇಲ್ರಿ,” ಎಂದ.

ಹೀಗೇ ಆಟ ಸಾಗಿತು. ಯಾರೂ ಕೂಗಲಿಲ್ಲ. ಯಾರೂ ಮರಳು ಎರಚಲಿಲ್ಲ. ಎರಡು ಊರಿನ ಜನ ದೇವಸ್ಥಾನದಲ್ಲಿ ಮಂಗಳಾರತಿಗೆ ನಿಂತಂತೆ ನಿಂತಿದ್ದರು. ವಿರಾಮದಲ್ಲಿ ಒಬ್ಬ ಮುದುಕ ಅಂಕಣದೊಳಗೆ ಬಂದು, “ಸಾಹೇಬ್ರ, ನಮ್ಮ ಹೊಲ ಈ ಸಲ ಅರ್ಧ ಬಂಜರು ಬಿದ್ದೈತಿ, ಒಂದೀಟು ಮನಸಿನ್ಯಾಗ ಇಟಗೋರಿ,” ಎಂದು ಕೈಮುಗಿದ. ಅವನ ಹಿಂದೆ ಇನ್ನಿಬ್ಬರು ನಿಂತರು. ಕೊನೆಗೆ ಸಾಹೇಬರು ಯಾರ ಮನಸ್ಸಿಗೂ ನೋವಾಗಬಾರದೆಂದು ಪಂದ್ಯ ಸರಿಸಮ ಎಂದು ಸಾರಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವರು ಹಣೆ ಒರೆಸಿಕೊಳ್ಳುತ್ತ ನನಗೆ ಹೇಳಿದ್ದು: “ಇದಕ್ಕಿಂತ ತಲಿ ಎಣಿಸೋದು ಹಗುರ ಇತ್ತು ನೋಡ್ರಿ. ತಲಿ ಆದ್ರ ಇದ್ದಷ್ಟs ಇರ್ತಾವ.”

ವಾಪಸು ಬರುವಾಗ ಲಾರಿಯಲ್ಲಿ ಕುರುಗೋಡಿನ ಹುಡುಗರು ಹಿಂದೆ ಕೂತಿದ್ದರು. ಬೀಗರು ಮುಂದೆ ಡ್ರೈವರನ ಪಕ್ಕ ಇದ್ದರು. ಯಾರೋ ಒಬ್ಬ, “ಗೆದ್ವೋ ಸೋತ್ವೋ ಲೇ?” ಎಂದ. ಇನ್ನೊಬ್ಬ, “ಅರ್ಜಿ ಕೊಟ್ಟು ಬಂದ್ವಿ,” ಎಂದ.

ಮುಂದಿನ ಪಂದ್ಯಕ್ಕೆ ಜನ ಅರ್ಧದಷ್ಟೂ ಬರಲಿಲ್ಲ.

ಯುಗಾದಿಗೆ ಸ್ವಲ್ಪ ಮೊದಲು ಒಂದು ಬೆಳಿಗ್ಗೆ ಬೀಗರು ಅಂಗಡಿಗೆ ಬಂದರು. ಮೈಗೆ ಟವೆಲ್ ಹೊದ್ದಿದ್ದರು, ಕೈಯಲ್ಲಿ ಕಾಲರ್ ಸವೆದ ಒಂದು ಅಂಗಿ. ಸವೆದ ಕಾಲರನ್ನು ಬಿಚ್ಚಿ, ಒಳಗಿನ ಮೈ ಹೊರಗೆ ಮಾಡಿ ಹೊಲಿದರೆ ಅಂಗಿ ಇನ್ನೊಂದಷ್ಟು ದಿನ ಬಾಳುತ್ತದೆ. ಕುರುಗೋಡಿನಲ್ಲಿಯೂ ಟೇಲರ್ ಇದ್ದ.

“ಬರ್ರಿ ಬೀಗರ, ಕುಂದರ್ರಿ,” ಎಂದು ಮಾವ ಎದ್ದು ಸ್ಟೂಲು ಒರೆಸಿ ಕೊಟ್ಟರು. ಒಳಗಿನಿಂದ ಅತ್ತೆ ತಂಬಿಗೆಯಲ್ಲಿ ನೀರು ತಂದಿಟ್ಟರು. ಬೀಗರು ನೀರು ಕುಡಿದರು. ಮಾವ ಕಾಲರ್ ಬಿಚ್ಚಲು ಕೂತರು. ಸ್ವಲ್ಪ ಹೊತ್ತು ಹೊಲದ ಮಾತು, ಬಿಸಿಲಿನ ಮಾತು ಆಯಿತು.

“ಬೀಗರ, ನಾ ಅಂದದ್ದು ಸುಳ್ಳು ಅಂತ ಹೇಳಾಕ ಬಂದಿಲ್ಲ,” ಎಂದರು ಬೀಗರು ಕೊನೆಗೆ. “ನೀವು ನಮ್ಮ ಮ್ಯಾಲ ಬಿರುಸು ಅದೀರಿ, ಅದು ಖರೇ. ಆದ್ರ ಆ ಸಾಹೇಬ್ರ ಮುಂದ ನಮ್ಮ ಹುಡುಗರಿಗೆ ಬಾಯಿ ಹೋತು. ನೀವಾದ್ರ ನಿಮ್ಮನ್ನ ಬೈಬೌದು.”

ಮಾವ ಹಲ್ಲಲ್ಲಿ ಹಿಡಿದಿದ್ದ ದಾರ ಕಡಿದರು. “ಬೈಯಾಕ ಮಂದಿ ಬೇಕಂತ ಕರಿಯಾಕ ಬಂದೀರಿ?”

“ಮತ್ತ? ಬೀಗರನ್ನ ಬಿಟ್ಟು ಇನ್ಯಾರನ್ನ ಬೈಯೋನ್ರಿ?”

ಒಳಗೆ ಅತ್ತೆಯ ಬಳೆಯ ಸದ್ದು ನಿಂತಿತು. ಬೀಗರ ಕಣ್ಣು ಗೂಟದ ಮೇಲೆ ಹೋಯಿತು. “ಇದು ನಮ್ಮ ಸೊಸಿದೇನು?”

“ಹೌದ್ರಿ.”

ಬೀಗರು ಎದ್ದು ಅದನ್ನು ಕೈಯಲ್ಲಿ ಹಿಡಿದು ಅಗಲಿಸಿ ನೋಡಿದರು. “ಭಾಳ ದೊಡ್ಡದಾತಲ್ರಿ.”

“ತಿಂಗಳಾ ತಿಂಗಳಾ ಹೊಲಿಗಿ ಬಿಡಿಸಾಕತ್ತೀನಿ. ಒಳಗಿನ ಬಟ್ಟಿ ಇನ್ನ ಒಂದು ಸಲಕ್ಕ ಐತಿ. ಆಮ್ಯಾಲ ಇಲ್ಲ.”

ಬೀಗರು ಕುಬುಸವನ್ನು ಗೂಟಕ್ಕೆ ಮತ್ತೆ ತೂಗುಹಾಕಿದರು. ಹಾಕುವಾಗ ತೋಳು ಮಡಿಸಿಕೊಂಡಿತ್ತು, ಅದನ್ನು ಬಿಡಿಸಿ ಸರಿಮಾಡಿದರು. “ಕಾಲರ್ ಹೊಲದಿಟ್ಟಿರ್ರಿ. ನಾ ಒಂದು ಸಲ ಮಿಲ್ಲಿಗೆ ಹೋಗಿ ಬರ್ತೀನಿ,” ಎಂದು ಬರಿಯ ಬನಿಯನ್ನಿನ ಮೇಲೆ ಟವೆಲ್ ಹೊದ್ದುಕೊಂಡೇ ಹೊರಟರು. ತಂದದ್ದು ಬೇರೆ ಅಂಗಿಯಲ್ಲ, ಬಸ್ಸಿನಿಂದ ಇಳಿದ ಮೇಲೆ ಮೈಮೇಲಿನ ಅಂಗಿಯನ್ನೇ ಕಳಚಿ ತಂದಿದ್ದರು ಎಂಬುದು ನಮಗೆ ಆಗ ಗೊತ್ತಾಯಿತು.

ಮಿಲ್ಲಿನಲ್ಲಿ ಏನು ಮಾತಾಯಿತೋ ನಾನು ಕೇಳಿಲ್ಲ. ತಕರಾರು ಕೊಟ್ಟವರೇ ಬಂದು ವಾಪಸು ತೆಗೆದುಕೊಂಡಾಗ ಅಧ್ಯಕ್ಷರಿಗೆ ಹಿಡಿದುಕೊಳ್ಳಲು ಏನೂ ಉಳಿಯಲಿಲ್ಲ. ಆ ವಾರವೇ ಕಮಿಟಿ ಸೇರಿತು. ಐವರು ರೆಫರಿಗಳನ್ನೂ ಕರೆಸಿ ಕುರ್ಚಿ ಹಾಕಿದರು. ಗೊತ್ತಾದ ಷರತ್ತು ಹೀಗೆ: ರೆಫರಿ ಯಾರು ಎಂಬ ಬಗ್ಗೆ ಪಂದ್ಯಕ್ಕೆ ಮುಂಚೆ ಯಾವ ತಂಡವೂ ಬಾಯಿ ತೆಗೆಯುವಂತಿಲ್ಲ. ಪಂದ್ಯ ಮುಗಿದ ಮೇಲೆ ಎಷ್ಟು ಬೇಕಾದರೂ ತೆಗೆಯಬಹುದು. ಆದರೆ ಕೊಟ್ಟ ತೀರ್ಪು ಕೊಟ್ಟಂತೆಯೇ ಇರತಕ್ಕದ್ದು. ಡ್ರಾಯರಿನಿಂದ ಸೀಟಿಗಳು ಹೊರಗೆ ಬಂದವು. ಐದೂ ಒಂದೇ ತರಹದವು, ದಾರ ಬೇರೆ ಕಳಚಿತ್ತು. ಯಾರದು ಯಾವುದು ಎಂದು ತಿಳಿಯದೆ ಒಬ್ಬೊಬ್ಬರೂ ಮೂಸಿ ನೋಡಿದರು. ಪೋಸ್ಟ್‌ಮನ್‌ನದು ನಶ್ಯದ ವಾಸನೆಯಿಂದ ಮೊದಲು ಸಿಕ್ಕಿತು. ನಾನು ಮತ್ತೆ ನಾಲ್ಕು ಸಾಲು ಕಳಿಸಿದೆ. ಪತ್ರಿಕೆ ಮೂರನ್ನು ಅಚ್ಚು ಹಾಕಿತು.

ಯುಗಾದಿ ಕಳೆದ ಮೇಲಿನ ಭಾನುವಾರ ಕುರುಗೋಡಿನಲ್ಲಿ ಸಿರುಗುಪ್ಪದ ವಿರುದ್ಧ ಪಂದ್ಯ. ರೆಫರಿ ಮಾವ, ಗೆರೆ ನೋಡಲು ಪೋಸ್ಟ್‌ಮನ್. ಕುಬುಸವೂ ಅಂದೇ ಎಂದು ಅತ್ತೆ ಹಟ ಹಿಡಿದರು. “ನಿಮ್ಮ ಮಾವಗ ಹೇಳಪಾ, ಎರಡೂ ಒಂದs ದಿನ. ಇವತ್ತು ಅಂಕಣಕ್ಕ, ಇನ್ನೊಂದು ದಿನ ಮನಿಗೆ ಅಂದ್ರ ನಡುವ ಮತ್ತೇನರ ನೆಪ ಹುಡುಕ್ತಾರ.” ಏಳನೆಯ ತಿಂಗಳು ಮುಗಿಯಲು ಹೆಚ್ಚು ದಿನ ಉಳಿದಿರಲಿಲ್ಲ. ಮಾವ ಒಪ್ಪಿದರು. ಹೀಗೆ ಒಪ್ಪಿದಾಗ ಪಂದ್ಯದ ದಿನದ ಪದ್ಧತಿ ಇಬ್ಬರಿಗೂ ನೆನಪಾಗಲಿಲ್ಲ.

ನೆನಪಾದದ್ದು ಬೀಗರ ಪಡಸಾಲೆಯಲ್ಲಿ, ಎಲೆ ಹಾಕಿದ ಮೇಲೆ.

ಬೆಳಿಗ್ಗೆಯ ಕಾರ್ಯ ಚೆನ್ನಾಗಿ ನಡೆದಿತ್ತು. ಮಗಳು ಹಸಿರು ಸೀರೆ ಉಟ್ಟು ಹೊರಗೆ ಬಂದಳು. ಮಾವ ಕೂತಲ್ಲಿಂದಲೇ ಕುಬುಸ ನೋಡಿದರು. ತೋಳು ಸರಿ ಇತ್ತು. ಪಕ್ಕೆ ಜೋಲುತ್ತಿತ್ತು.

“ಅಪ್ಪಾ, ಇದರಾಗ ನಾನೂ ಅವ್ವನೂ ಕೂಡೇ ಕುಂದ್ರಬೌದು,” ಎಂದಳು ಮಗಳು.

“ಇರ್ಲಿ ಬಿಡವ್ವ. ಇನ್ನೂ ಎರಡು ತಿಂಗಳೈತಿ,” ಎಂದ ಮಾವ ಕಾಲರಿನ ಹಿಂದೆ ಸಿಕ್ಕಿಸಿಕೊಂಡಿದ್ದ ಸೂಜಿ ತೆಗೆದು, ಹೆಂಗಸರು ನಗುತ್ತಿದ್ದಂತೆ, ಅವಳನ್ನು ಪಕ್ಕಕ್ಕೆ ನಿಲ್ಲಿಸಿ ಎರಡು ಕಡೆ ಕಚ್ಚು ಹಾಕಿ ಬಿಗಿ ಮಾಡಿದರು. ಅವಳ ತಲೆಯ ಮೇಲೆ ಕೈ ಇಟ್ಟು ತೆಗೆದರು. ಮೂರು ತಿಂಗಳಿನ ಮೇಲೆ ಅಪ್ಪ ಮಗಳು ಮಾತಾಡಿದ್ದು ಅಷ್ಟೇ.

ಆಮೇಲೆ ಎಲೆ ಹಾಕಿ ಹೋಳಿಗೆ ಬಡಿಸಿದರು. ಮನೆಗೆ ಬಂದ ಬೀಗರು, ಅಂದರೆ ಇಲ್ಲಿ ಮಾವ, ಮೊದಲು ಎಲೆಗೆ ಕೈ ಹಾಕದೆ ಬೇರೆಯವರು ಉಣ್ಣುವಂತಿಲ್ಲ. ಮಾವ ಎಲೆಯ ಮುಂದೆ ಕೂತು, ಪಕ್ಕದಲ್ಲಿ ತಮ್ಮ ಹೂಜಿ ಇಟ್ಟುಕೊಂಡು, ಕೈ ಮುಗಿದರು.

“ತಪ್ಪು ತಿಳಕೋಬ್ಯಾಡ್ರಿ. ಮ್ಯಾಚು ಮುಗಿಯೋತನ ಈ ಊರಿನ ನೀರು ಮುಟ್ಟಂಗಿಲ್ಲ.”

ಕುಬುಸದ ಎಲೆಯ ಮುಂದೆ ಕೂತು ಉಣ್ಣಲಾರೆ ಎಂದ ತಂದೆಯನ್ನು ಆ ಊರು ಕಂಡಿರಲಿಲ್ಲ. ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಆಗ ಬೀಗರ ಹೆಂಡತಿ, ದಪ್ಪ ದನಿಯ ದೊಡ್ಡ ಹೆಂಗಸು, ಹೋಳಿಗೆಯ ಬುಟ್ಟಿಯನ್ನು ಸೊಂಟಕ್ಕೆ ಇಟ್ಟುಕೊಂಡು ಹೇಳಿದರು:

“ಆತು ಬಿಡ್ರಿ. ಬೀಗರು ಉಣ್ಣೋತನ ಈ ಮನ್ಯಾಗ ಯಾರೂ ಉಣ್ಣಂಗಿಲ್ಲ. ಬಸುರಿ ಒಬ್ಬಾಕಿ ಉಣ್ಲಿ. ಎಲಿ ಎತ್ರಿ.”

ಎಲೆಗಳನ್ನು ಎತ್ತಿದರು. ಆ ಸಾಲಿನಲ್ಲಿ ಕೂತಿದ್ದವರಲ್ಲಿ ಹೆಚ್ಚಿನವರು ಕುರುಗೋಡು ತಂಡದ ಆಟಗಾರರು. ಅಳಿಯನ ಗೆಳೆಯರೆಂದು ಬಂದು, ಹೋಳಿಗೆಯ ಮೇಲೆ ತುಪ್ಪ ಬಿದ್ದದ್ದನ್ನು ಕಣ್ಣಾರೆ ನೋಡಿ, ಎದ್ದು ಹೋದರು. ಹಿತ್ತಿಲಲ್ಲಿ ಬೀಗರು ಗೋಡೆಗೆ ಮುಖ ಮಾಡಿ ನಿಂತು ಏನನ್ನೋ ಅಗಿಯುತ್ತಿದ್ದುದನ್ನು ನಾನು ನೋಡಿದೆ. ಅವರೂ ನನ್ನನ್ನು ನೋಡಿದರು. “ವರದಿಗೆ ಹಾಕಬ್ಯಾಡ,” ಎಂದರು.

ಪಂದ್ಯ ನಾಲ್ಕು ಗಂಟೆಗೆ ಶುರುವಾಯಿತು. ಊರ ಪಕ್ಕದ ಗುಡ್ಡದ ನೆರಳು ಅಂಕಣದ ಅಂಚಿಗೆ ಬಂದಿತ್ತು. ಸಿರುಗುಪ್ಪದವರು ತಮ್ಮ ಅನ್ನ ತಾವೇ ತಂದು ಚೆನ್ನಾಗಿ ಉಂಡಿದ್ದರು. ಮಾವ ಓಡುವುದನ್ನು ಮೂರು ತಿಂಗಳು ಬಿಟ್ಟಿದ್ದರೂ ಕಿವಿ ಮುಂದೆ ಮಾಡಿ, ಆಟಗಾರನ ಹೆಗಲಿಗೆ ಹೆಗಲು ಕೊಟ್ಟಂತೆ ಓಡಿದರು. ಕುರುಗೋಡಿನ ಜನ ಮನಸಾರೆ ಬೈದರು. ಮರಳೂ ಹಾರಿತು. ಕೂತಿದ್ದ ಮುದುಕರ ಮುಖದಲ್ಲಿ ಕಳೆ ಬಂದಿತ್ತು.

ಆಟ ಮುಗಿಯುವ ಹೊತ್ತಿಗೆ ಅಳಿಯ ಸಿರುಗುಪ್ಪದ ಅಂಕಣಕ್ಕೆ ನುಗ್ಗಿ ಒಬ್ಬನನ್ನು ಮುಟ್ಟಿದ. ಮೂವರು ಸೇರಿ ಅವನನ್ನು ಕೆಡವಿದರು. ಧೂಳಿನಲ್ಲಿ ಅವನ ಕೈ ನಡುಗೆರೆಯ ಕಡೆ ಚಾಚಿತು. ಮಾವ ಮೊಣಕಾಲೂರಿ ಅವನ ಬಾಯಿಗೆ ಕಿವಿ ಹಚ್ಚಿ ಕೂತರು. ಕೈ ಗೆರೆ ಮುಟ್ಟಿತು. ಮಾವ ಎದ್ದು ಕುರುಗೋಡಿನ ಕಡೆ ಕೈ ತೋರಿಸಿದರು. ಉಸಿರು ಹರಿದಿಲ್ಲ.

ಸಿರುಗುಪ್ಪದ ಕಡೆಯಿಂದ ಗದ್ದಲ ಎದ್ದಿತು. “ಹೋಳಿಗಿ ತೀರ್ಪು ಲೇ! ಅಳಿಯನ ಮನ್ಯಾಗ ಹೊಟ್ಟಿ ತುಂಬ ಉಂಡು ಬಂದಾನ!”

ಇದಕ್ಕೆ ಉತ್ತರ ಬಂದದ್ದು ಕುರುಗೋಡಿನ ಜನರ ಕಡೆಯಿಂದ. ಅಲ್ಲಿಯವರೆಗೆ ಮಾವನನ್ನು ಬೈಯುತ್ತಿದ್ದವರೇ ತಿರುಗಿಬಿದ್ದರು. “ಉಂಡಿಲ್ಲ ಲೇ! ಹನಿ ನೀರು ಮುಟ್ಟಿಲ್ಲ! ಅವ್ರ ಕಾಲಾಗ ನಾವೂ ಉಂಡಿಲ್ಲ!” ಹಸಿದ ತಂಡ ಪೂರ್ತಿ ಹೊಟ್ಟೆ ಬಡಿದುಕೊಂಡು ತೋರಿಸಿತು. ಸಿರುಗುಪ್ಪದವರಿಗೆ ಮೊದಲು ನಂಬಿಕೆ ಬರಲಿಲ್ಲ. ಆಮೇಲೆ ನಗು ಬಂತು. ತೀರ್ಪು ಕೊಟ್ಟಂತೆ ಉಳಿಯಿತು.

ಪಂದ್ಯವನ್ನು ಮಾತ್ರ ಸಿರುಗುಪ್ಪ ಒಂದು ಪಾಯಿಂಟಿನಿಂದ ಗೆದ್ದಿತು.

“ಬೀಗರ, ನೀವು ಉಂಡಿದ್ರ ನಾವು ಗೆಲ್ತಿದ್ವಿ,” ಎಂದರು ಬೀಗರು, ದೀಪ ಹಚ್ಚುವ ಹೊತ್ತಿಗೆ ಎರಡನೆಯ ಸಲ ಎಲೆ ಹಾಕಿದಾಗ. ಮಾವ ಕುರುಗೋಡಿನ ನೀರನ್ನು ಒಂದು ತಂಬಿಗೆ ಪೂರ್ತಿ ಎತ್ತಿ ಕುಡಿದು, ಎಲೆಗೆ ಕೈ ಹಾಕಿದರು. ಎರಡು ತಂಡದವರೂ ಒಂದೇ ಸಾಲಿನಲ್ಲಿ ಕೂತರು. ಹೋಳಿಗೆ ಸಾಲದೆ ಬೀಗರ ಹೆಂಡತಿ ಮತ್ತೆ ಕಣಕ ಕಲಸಿದರು.

ಮರುದಿನ ಬೆಳಗಿನ ಬಸ್ಸಿಗೆ ಮಗಳನ್ನು ಕರೆದುಕೊಂಡು ಹೊರಟೆವು. ಅವಳನ್ನು ಕಿಟಕಿಯ ಪಕ್ಕ ಕೂಡಿಸಿ ಮಾವ ಹಿಂದಿನ ಸೀಟಿನಲ್ಲಿ ಕೂತರು. ಬಸ್ಸು ಇನ್ನೇನು ಹೊರಡಬೇಕು, ಅತ್ತೆ ಹಿಂದಕ್ಕೆ ತಿರುಗಿ, ನನ್ನ ಕಡೆ ನೋಡದೆ, “ರೀ, ಹೂಜಿ ಮರೆತ್ರಿ,” ಎಂದರು. ಮಾವ ಇಳಿದು ಓಡಿದರು. ಕಂಡಕ್ಟರ್ ಬಸ್ಸು ನಿಲ್ಲಿಸಿಕೊಂಡ.

ಆ ಬೇಸಿಗೆಯ ಕೊನೆಯಲ್ಲಿ ಸತ್ಯನಾರಾಯಣಪೇಟೆಯ ಮನೆಯಲ್ಲಿ ಹೆಣ್ಣು ಮಗು ಹುಟ್ಟಿತು. ಕುಬುಸದ ಪಕ್ಕೆಯನ್ನು ಮಾವ ಬಿಚ್ಚಿ ಮತ್ತೆ ಮೊದಲಿನ ಅಳತೆಗೆ ತಂದರು.

1953ರ ಅಕ್ಟೋಬರಿನಲ್ಲಿ ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಲೀಗಿನ ಕಾಲ ಅಲ್ಲದಿದ್ದರೂ ಆ ಸಂತೋಷಕ್ಕೆ ಆ ತಿಂಗಳಲ್ಲೇ ಕಮಿಟಿ ಕುರುಗೋಡಿನಲ್ಲಿ ಒಂದು ಪಂದ್ಯ ಇಟ್ಟಿತು. ರೆಫರಿ ಮಾವ ಎಂದು ಐವರೂ ಕೂತು ಗೊತ್ತುಮಾಡಿದ್ದರು. ಮಾವ ಖಾಕಿ ಚಡ್ಡಿ ಹಾಕಿ, ಸೀಟಿ ತೂಗುಬಿಟ್ಟು, ಅಂಕಣದ ಪಕ್ಕದ ಬೇವಿನ ಮರದ ಕೆಳಗೆ ಕೂತಿದ್ದಾಗ ಮೊಮ್ಮಗಳು ಎರಡೂ ಕೈಯಲ್ಲಿ ಲೋಟ ಹಿಡಿದು, ನೀರು ಚೆಲ್ಲುತ್ತ ಬಂದಳು. ಲೋಟದಲ್ಲಿ ಅರ್ಧ ಉಳಿದಿತ್ತು. ಬೀಗರು ಅವಳನ್ನು ತಡೆಯಲು ಎದ್ದರು. ಮಾವ ಲೋಟ ತೆಗೆದುಕೊಂಡು ಕುಡಿದರು. ಕೊರಳಿನಿಂದ ಸೀಟಿ ತೆಗೆದು ಪೋಸ್ಟ್‌ಮನ್‌ನ ಕೈಗೆ ಕೊಟ್ಟು, ಮೊಮ್ಮಗಳನ್ನು ತೊಡೆಯ ಮೇಲೆ ಕೂಡಿಸಿಕೊಂಡರು.

ಆ ಪಂದ್ಯಕ್ಕೆ ಪೋಸ್ಟ್‌ಮನ್ ರೆಫರಿಯಾಗಿದ್ದ. ಕುರುಗೋಡು ಗೆದ್ದಿತು.